ಚಳಿಯ ನೆವ ನಮಗಿಲ್ಲ

ಯೂರೋಪಿನ ಉತ್ತರ ಭಾಗದ ಪಟ್ಟಣಗಳಲ್ಲಿ ಚರಂಡಿಯ ನೀರನ್ನು ಶುದ್ಧಿಮಾಡುವ ಎಂಜಿನಿಯರುಗಳಿಗೆ ಚಳಿಗಾಲವೆಂದರೆ ಸಂಕಟದ ಕಾಲ. ಕರಗಿದ ಹಿಮ ಚರಂಡಿಗೆ ಇಳಿದು ರೊಚ್ಚುನೀರಿನ ಉಷ್ಣತೆ ಹತ್ತು ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗೆ ಹೋದಾಗ, ಅದರಲ್ಲಿರುವ ಸಾರಜನಕವನ್ನು ಕಳೆಯಬಲ್ಲ ಸೂಕ್ಷ್ಮಜೀವಿಗಳು ಜಡವಾಗುತ್ತವೆ. ಅವನ್ನು ಉಳಿಸಿಕೊಳ್ಳುವುದು ಹೇಗೆ, ಕೆಲಸಕ್ಕೆ ಹಚ್ಚುವುದು ಹೇಗೆ ಎಂದು ಅಲ್ಲಿಯವರು ಹಲವು ದಶಕಗಳಿಂದ ಶ್ರಮಿಸಿದ್ದಾರೆ. ಬಹುಮಟ್ಟಿಗೆ ಗೆದ್ದೂ ಇದ್ದಾರೆ.

ನಮ್ಮ ನಾಡಿನಲ್ಲಿ ಅಂತಹ ಚಳಿಯಿಲ್ಲ. ಬೆಂಗಳೂರಿನಲ್ಲಿ ಇದುವರೆಗೆ ದಾಖಲೆಯಾಗಿರುವ ಅತ್ಯಂತ ಕಡಮೆ ಉಷ್ಣತೆ, ೧೮೮೪ರ ಜನವರಿಯ ಒಂದು ದಿನ ಕಂಡ ೭.೮ ಡಿಗ್ರಿ. ಅದೂ ಗಾಳಿಯ ಉಷ್ಣತೆಯೇ ಹೊರತು ನೀರಿನದಲ್ಲ. ಚಳಿಯಿಲ್ಲದ ನಾವು ಈ ಕೆಲಸದಲ್ಲಿ ಚಳಿನಾಡಿನವರಿಗಿಂತ ಮುಂದಿರಬೇಕಾಗಿತ್ತು. ಆದರೆ ನಾವು ಬಹಳ ಹಿಂದಿದ್ದೇವೆ. ಏಕೆ ಹೀಗೆ? ಈ ಪ್ರಶ್ನೆಯನ್ನು ವಾಚಕರೊಡನೆ ಕುಳಿತು ವಿಚಾರಮಾಡುವುದು ಈ ಲೇಖನದ ಉದ್ದೇಶ. ಭೌತವಿಜ್ಞಾನವನ್ನು ಬೋಧಿಸುವ ನಮಗೆ ಚರಂಡಿಯ ವಿಷಯದಲ್ಲಿ ಏನು ಅಧಿಕಾರ ಎಂದು ಯಾರಾದರೂ ಕೇಳಬಹುದು. ಉಷ್ಣತೆ ಏರಿಳಿದರೆ ಏನಾಗುತ್ತದೆ ಎಂಬುದು ನಮ್ಮ ಶಾಸ್ತ್ರದ ಪ್ರಶ್ನೆಯೇ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ನಮ್ಮ ಬೆಚ್ಚನೆಯ ನೆಲ ಮತ್ತು ನೀರು ಈ ಕೆಲಸದ ಅರ್ಧವನ್ನು ತಾವಾಗಿಯೇ ಮಾಡಿಬಿಡುತ್ತವೆ. ಉಳಿದ ಅರ್ಧವನ್ನು ಮನುಷ್ಯನು ಮಾಡಬೇಕು. ಅವನು ಕೈಕಟ್ಟಿ ಕುಳಿತರೆ ಆ ಅರ್ಧವಾದ ಕೆಲಸವೇ ಕೆರೆಗೂ ಬಾವಿಗೂ ಕೇಡಾಗುತ್ತದೆ.

ಸಾರಜನಕವು ಚರಂಡಿಗೆ ಬರುವುದು ನಮ್ಮ ಊಟದಿಂದ. ಬೇಳೆ, ಹಾಲು, ಮಾಂಸ, ಕಾಳುಗಳಲ್ಲಿರುವ ಪ್ರೋಟೀನಿನಲ್ಲಿ ಸಾರಜನಕವಿದೆ. ದೇಹವು ತನಗೆ ಬೇಕಾದಷ್ಟನ್ನು ಬಳಸಿಕೊಂಡು ಉಳಿದುದನ್ನು ಮುಖ್ಯವಾಗಿ ಮೂತ್ರದಲ್ಲಿ ಯೂರಿಯವಾಗಿ ಹೊರಹಾಕುತ್ತದೆ. ವಯಸ್ಕನೊಬ್ಬನು ದಿನಕ್ಕೆ ಸುಮಾರು ಹತ್ತು ಗ್ರಾಂ ಸಾರಜನಕವನ್ನು ಹೀಗೆ ಹೊರಗೆಡಹುತ್ತಾನೆ. ಚರಂಡಿಯಲ್ಲಿ ಹರಿಯುತ್ತಿರುವಾಗಲೇ ಯೂರಿಯವು ಒಡೆದು ಅಮೋನಿಯವಾಗುತ್ತದೆ. ಚರಂಡಿಗಳ ಬಳಿ ಮೂಗಿಗೆ ಹತ್ತುವ ಘಾಟಿನಲ್ಲಿ ಇದರ ಪಾಲೂ ಉಂಟು.

ಅಮೋನಿಯದಿಂದ ಮುಂದಿನ ಪಯಣ ಎರಡು ಹಂತಗಳದು. ಮೊದಲನೆಯ ಹಂತದಲ್ಲಿ ಒಂದು ಜಾತಿಯ ಬ್ಯಾಕ್ಟೀರಿಯಗಳು ಅಮೋನಿಯವನ್ನು ಆಮ್ಲಜನಕದೊಡನೆ ಕೂಡಿಸಿ ನೈಟ್ರೈಟನ್ನಾಗಿ ಮಾಡುತ್ತವೆ. ಇನ್ನೊಂದು ಜಾತಿಯವು ನೈಟ್ರೈಟನ್ನು ನೈಟ್ರೇಟನ್ನಾಗಿ ಮಾಡುತ್ತವೆ. ಇವಕ್ಕೆ ಗಾಳಿ ಬೇಕು, ಬೆಚ್ಚಗಿನ ಸ್ಥಳ ಬೇಕು. ಎರಡನೆಯ ಹಂತದ ಕೆಲಸಗಾರರು ಬೇರೆ. ಇವು ಗಾಳಿಯಿದ್ದಾಗ ಎಲ್ಲರಂತೆ ಗಾಳಿಯನ್ನೇ ಉಸಿರಾಡುತ್ತವೆ. ಗಾಳಿ ಸಿಕ್ಕದಿದ್ದಾಗ ನೈಟ್ರೇಟಿನಲ್ಲಿರುವ ಆಮ್ಲಜನಕವನ್ನು ಕಸಿದುಕೊಂಡು ಬದುಕುತ್ತವೆ. ಆಗ ಸಾರಜನಕವು ಅನಿಲವಾಗಿ ಬಿಡುಗಡೆ ಹೊಂದಿ ಗಾಳಿಗೆ ಸೇರುತ್ತದೆ. ನಾವು ಸೇವಿಸುವ ಗಾಳಿಯಲ್ಲಿ ನೂರಕ್ಕೆ ಎಪ್ಪತ್ತೆಂಟು ಪಾಲು ಇರುವುದೇ ಈ ನಿರಪಾಯಿ ಸಾರಜನಕ. ಆದರೆ ಈ ಎರಡನೆಯ ಜೀವಿಗಳಿಗೆ ತಿನ್ನಲು ಇಂಗಾಲಯುಕ್ತ ಆಹಾರವೂ ಇರಬೇಕು, ಗಾಳಿಯೂ ಇರಬಾರದು. ಈ ಎರಡು ಷರತ್ತುಗಳು ತಾವಾಗಿ ಒಟ್ಟಿಗೆ ಕೂಡಿಬರುವುದು ಅಪರೂಪ. ಮೊದಲನೆಯ ಅರ್ಧವು ಸುಲಭ, ಎರಡನೆಯ ಅರ್ಧಕ್ಕೆ ಬುದ್ಧಿ ಬೇಕು ಎಂದು ನಾವು ಹೇಳುವುದು ಈ ಕಾರಣದಿಂದ.

ಮೊದಲನೆಯ ಅರ್ಧವು ನಮ್ಮ ದೇಶದಲ್ಲಿ ಎಷ್ಟು ಸುಲಭ ಎಂಬುದಕ್ಕೆ ಚರಿತ್ರೆಯೇ ಸಾಕ್ಷಿ. ಹಳೆಯ ದನದ ಕೊಟ್ಟಿಗೆಯ ಗೋಡೆಯ ಬುಡದಲ್ಲಿ ಬೇಸಗೆಯಲ್ಲಿ ಬೆಳ್ಳಗೆ ಉಪ್ಪು ಹೂಟೆಯೇಳುವುದನ್ನು ಹಳ್ಳಿಯಿಂದ ಬಂದ ವಿದ್ಯಾರ್ಥಿಗಳು ನೋಡಿಯೇ ಇರುತ್ತಾರೆ. ದನದ ಗಂಜಲದ ಸಾರಜನಕವು ಮಣ್ಣಿನಲ್ಲಿ ನೈಟ್ರೇಟಾಗಿ, ನೀರಿನೊಡನೆ ಮೇಲೇರಿ, ನೀರು ಆರಿದ ಮೇಲೆ ಅಲ್ಲಿಯೇ ನಿಂತ ಲವಣಗಳಲ್ಲಿ ಪೆಟ್ಲುಪ್ಪೂ ಒಂದು. ಇಂತಹ ಮಣ್ಣನ್ನು ನೀರಿನಲ್ಲಿ ತೊಳೆದು, ಆ ನೀರನ್ನು ಕಾಯಿಸಿ ಪೆಟ್ಲುಪ್ಪನ್ನು ತೆಗೆಯುತ್ತಿದ್ದರು. ಕೋವಿಮದ್ದಿನಲ್ಲಿ ಮುಕ್ಕಾಲು ಪಾಲು ಇರುವುದು ಈ ಉಪ್ಪೇ. ಶ್ರೀರಂಗಪಟ್ಟಣದ ಸುಲ್ತಾನರ ರಾಕೆಟ್ಟುಗಳು ೧೭೮೦ರಲ್ಲಿ ಪೊಳ್ಳಿಲೂರಿನ ಯುದ್ಧದಲ್ಲಿ ಇಂಗ್ಲಿಷರನ್ನು ದಿಗಿಲುಪಡಿಸಿದುದು ಎಲ್ಲರಿಗೂ ತಿಳಿದ ಸಂಗತಿ. ಕಣ್ಣಿಗೆ ಕಾಣದ ಈ ಬ್ಯಾಕ್ಟೀರಿಯಗಳ ದುಡಿಮೆಯಿಲ್ಲದೆ ಆ ರಾಕೆಟ್ಟುಗಳು ಹಾರುತ್ತಿರಲಿಲ್ಲ. ಈಸ್ಟ್ ಇಂಡಿಯಾ ಕಂಪನಿಯು ಬಿಹಾರದಿಂದ ಹಡಗುಗಟ್ಟಲೆ ಪೆಟ್ಲುಪ್ಪನ್ನು ಯೂರೋಪಿಗೆ ಸಾಗಿಸುತ್ತಿತ್ತು. ಅದೇ ಕಾಲದಲ್ಲಿ ಸ್ವೀಡನ್ನಿನ ರೈತರು ತಮ್ಮ ಕೊಟ್ಟಿಗೆಯ ಮಣ್ಣಿನ ಪೆಟ್ಲುಪ್ಪನ್ನು ಕಂದಾಯವಾಗಿ ಸರ್ಕಾರಕ್ಕೆ ಒಪ್ಪಿಸಬೇಕಾಗಿತ್ತು. ಚಳಿನಾಡಿನಲ್ಲಿ ಸಾವಧಾನವಾಗಿ, ಕಷ್ಟಪಟ್ಟು ಆಗುತ್ತಿದ್ದುದು ನಮ್ಮ ಕಡೆ ಬೀದಿಯ ಮಣ್ಣಿನಲ್ಲಿಯೇ ಆಗುತ್ತಿತ್ತು.

ಈ ಕ್ರಿಯೆಯು ಜೀವಿಗಳಿಂದ ನಡೆಯುತ್ತದೆಂದು ಪ್ರಯೋಗದಿಂದ ತೋರಿಸಿದವರು ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್. ೧೮೭೭ರಲ್ಲಿ ಅವರು ಮರಳು ಮತ್ತು ಸುಣ್ಣಕಲ್ಲಿನ ಪುಡಿ ತುಂಬಿದ ಕೊಳವೆಯ ಮೂಲಕ ರೊಚ್ಚುನೀರನ್ನು ಮೆಲ್ಲಗೆ ಇಳಿಯಬಿಟ್ಟರು. ಮೊದಲ ಕೆಲವು ವಾರ ಅಮೋನಿಯವು ಹಾಗೆಯೇ ಹೊರಬಂದಿತು; ಬಳಿಕ ನೈಟ್ರೇಟ್ ಕಾಣಿಸಿಕೊಂಡಿತು. ಕೇವಲ ರಾಸಾಯನಿಕ ಕ್ರಿಯೆಯಾಗಿದ್ದರೆ ಅಷ್ಟು ದಿನ ಕಾಯಬೇಕಾಗಿರಲಿಲ್ಲ. ಕ್ಲೋರೋಫಾರಮಿನ ಆವಿಯನ್ನು ಹಾಯಿಸಿದೊಡನೆ ನೈಟ್ರೇಟ್ ನಿಂತುಹೋಯಿತು. ತೋಟದ ಮಣ್ಣನ್ನು ತೊಳೆದ ನೀರನ್ನು ಸೇರಿಸಿದಾಗ ಮತ್ತೆ ಆರಂಭವಾಯಿತು. ಸತ್ತವುಗಳ ಸ್ಥಾನಕ್ಕೆ ಹೊಸ ಜೀವಿಗಳು ಬಂದಿದ್ದವು. ೧೮೯೦ರ ಸುಮಾರಿನಲ್ಲಿ ರಷ್ಯದ ವಿನೋಗ್ರಾಡ್‌ಸ್ಕಿ ಆ ಜೀವಿಗಳನ್ನು ಬೇರ್ಪಡಿಸಿ ತೋರಿಸಿದರು.

ಮುಂದಿನ ಹೆಜ್ಜೆ ಮ್ಯಾಂಚೆಸ್ಟರಿನದು. ೧೯೧೪ರಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಎಂಬವರು ರೊಚ್ಚುನೀರಿಗೆ ಗಾಳಿಯೂದಿ, ಅಮೋನಿಯವೆಲ್ಲ ನೈಟ್ರೇಟಾಗಲು ಎಷ್ಟು ಕಾಲ ಬೇಕೆಂದು ಅಳೆದರು. ಮೊದಲ ಸಲ ಸುಮಾರು ಐದು ವಾರ ಹಿಡಿಯಿತು. ತಿಳಿನೀರನ್ನು ಬಸಿದು, ಅಡಿಯಲ್ಲಿ ನಿಂತ ಕೆಸರನ್ನು ಚೆಲ್ಲದೆ ಅದಕ್ಕೇ ಹೊಸ ರೊಚ್ಚುನೀರನ್ನು ಸುರಿದರು. ಮತ್ತೆ ಮತ್ತೆ ಹೀಗೆಯೇ ಮಾಡುತ್ತ ಹೋದಾಗ ವಾರಗಳ ಕೆಲಸ ಒಂದು ದಿನದೊಳಗೆ ಮುಗಿಯತೊಡಗಿತು. ನಮ್ಮ ಮನೆಗಳಲ್ಲಿ ತಾಯಂದಿರು ಮಾಡುವುದೂ ಇದನ್ನೇ. ನಿನ್ನೆಯ ಮೊಸರಿನ ಒಂದು ಚಮಚೆಯನ್ನು ಇಂದಿನ ಹಾಲಿಗೆ ಹೆಪ್ಪು ಹಾಕುತ್ತಾರೆ. ಆ ಕೆಸರು ರೊಚ್ಚುನೀರಿನ ಹೆಪ್ಪು. ಅದಕ್ಕೆ ಕ್ರಿಯಾಶೀಲ ಕೆಸರು ಎಂದು ಹೆಸರಾಯಿತು. ಇಂದು ಜಗತ್ತಿನ ದೊಡ್ಡ ಊರುಗಳಲ್ಲಿ ಹೆಚ್ಚಾಗಿ ನಡೆಯುವುದು ಈ ವಿಧಾನ ಮತ್ತು ಇದರಿಂದ ಹುಟ್ಟಿದ ಇತರ ವಿಧಾನಗಳು.

ಈ ಪ್ರಯೋಗಕ್ಕೆ ಸೂಚನೆಯಿತ್ತ ಗಿಲ್ಬರ್ಟ್ ಫೌಲರ್ ಎಂಬ ರಸಾಯನಜ್ಞರು ೧೯೧೬ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು ಎಂಬುದು ನಮ್ಮ ವಿದ್ಯಾರ್ಥಿಗಳಲ್ಲಿ ಹೆಚ್ಚು ಮಂದಿಗೆ ತಿಳಿಯದು. ಸಾರಜನಕವನ್ನು ಪೋಲಾಗದಂತೆ ಉಳಿಸಿಕೊಳ್ಳುವ ವಿಷಯದಲ್ಲಿ ಅವರು ೧೯೩೪ರಲ್ಲಿ ಒಂದು ಗ್ರಂಥವನ್ನೇ ಬರೆದರು. ಅದೇ ಸಂಸ್ಥೆಯಲ್ಲಿ ಪಿಳ್ಳೈ ಮತ್ತು ವಿ. ಸುಬ್ರಹ್ಮಣ್ಯನ್ ಅವರು ಕ್ರಿಯಾಶೀಲ ಕೆಸರಿನಲ್ಲಿ ಪ್ರೋಟೋಜೋವಗಳ ಪಾತ್ರವೇನೆಂದು ಸಂಶೋಧಿಸಿ ೧೯೪೨ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಮೈಸೂರಿನ ಆಹಾರ ಸಂಶೋಧನಾಲಯವನ್ನು ಮೊದಲ ನಿರ್ದೇಶಕರಾಗಿ ಕಟ್ಟಿದವರು ಈ ಸುಬ್ರಹ್ಮಣ್ಯನ್ ಅವರೇ. ಎಂದಮೇಲೆ ಈ ವಿದ್ಯೆ ನಮಗೆ ಹೊಸದು ಎನ್ನುವಂತಿಲ್ಲ. ಮ್ಯಾಂಚೆಸ್ಟರಿನಲ್ಲಿ ಹುಟ್ಟಿದ ಎರಡೇ ವರ್ಷಗಳಲ್ಲಿ ಅದು ಬೆಂಗಳೂರಿಗೆ ಬಂದಿತ್ತು.

ಇನ್ನು ಚಳಿಯ ವಿಷಯ. ರಾಸಾಯನಿಕ ಕ್ರಿಯೆಯ ವೇಗವು ಉಷ್ಣತೆಯೊಡನೆ ಹೇಗೆ ಬದಲಾಗುತ್ತದೆಂಬುದನ್ನು ೧೮೮೯ರಲ್ಲಿ ಸ್ವೀಡನ್ನಿನ ಆರೇನಿಯಸ್ ಒಂದು ಸಮೀಕರಣದಲ್ಲಿ ಹಿಡಿದಿಟ್ಟರು. ಅಣುಗಳು ಒಂದನ್ನೊಂದು ತಾಗಿದ ಮಾತ್ರಕ್ಕೆ ಕ್ರಿಯೆ ನಡೆಯದು; ನಿರ್ದಿಷ್ಟ ಮಟ್ಟದ ಶಕ್ತಿಯುಳ್ಳ ಅಣುಗಳು ಮಾತ್ರ ಆ ಹೊಸ್ತಿಲನ್ನು ದಾಟುತ್ತವೆ. ಉಷ್ಣತೆ ಸ್ವಲ್ಪ ಏರಿದರೂ ಹೊಸ್ತಿಲು ದಾಟಬಲ್ಲ ಅಣುಗಳ ಸಂಖ್ಯೆ ಬಹಳವಾಗಿ ಏರುತ್ತದೆ. ಜೀವಿಗಳ ದೇಹದಲ್ಲಿ ನಡೆಯುವುದೂ ರಾಸಾಯನಿಕ ಕ್ರಿಯೆಯೇ ಆದುದರಿಂದ ಅವೂ ಒಂದು ಮಿತಿಯವರೆಗೆ ಈ ನಿಯಮವನ್ನು ಅನುಸರಿಸುತ್ತವೆ. ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಗಳ ವೇಗ ಪ್ರತಿ ಹತ್ತು ಡಿಗ್ರಿಗೆ ಸುಮಾರು ಇಮ್ಮಡಿಯಾಗುತ್ತದೆ. ಅಂದರೆ ಹತ್ತು ಡಿಗ್ರಿಯಲ್ಲಿ ಒಂದು ಪಾಲು ದುಡಿಯುವ ಜೀವಿಗಳು ಇಪ್ಪತ್ತೈದು ಡಿಗ್ರಿಯಲ್ಲಿ ಹೆಚ್ಚು ಕಡಮೆ ಮೂರು ಪಾಲು ದುಡಿಯುತ್ತವೆ.

ಇದರಿಂದ ಎಂಜಿನಿಯರಿಗೆ ಒದಗುವ ಕಷ್ಟವು ಬರಿಯ ನಿಧಾನದ್ದಲ್ಲ. ತೊಟ್ಟಿಯಲ್ಲಿ ಬೆಳೆದ ಕೆಸರಿನಲ್ಲಿ ಒಂದಷ್ಟನ್ನು ಪ್ರತಿದಿನವೂ ತೆಗೆದುಹಾಕಲೇಬೇಕು. ಜೀವಿಗಳು ಹುಟ್ಟುವುದಕ್ಕಿಂತ ಬೇಗ ಕೆಸರನ್ನು ತೆಗೆದರೆ ಕೆಲವು ವಾರಗಳಲ್ಲಿ ಆ ಜಾತಿಯೇ ತೊಟ್ಟಿಯಿಂದ ಕೊಚ್ಚಿಹೋಗುತ್ತದೆ. ಬೆಚ್ಚಗಿನ ನೀರಿನಲ್ಲಿ ಕೆಸರನ್ನು ಮೂರು ನಾಲ್ಕು ದಿನ ಉಳಿಸಿಕೊಂಡರೆ ಈ ಬ್ಯಾಕ್ಟೀರಿಯಗಳು ನಿಲ್ಲಬಲ್ಲವು. ಹತ್ತು ಡಿಗ್ರಿಯಲ್ಲಿ ಹತ್ತು ಹದಿನೈದು ದಿನ ಉಳಿಸಿಕೊಳ್ಳಬೇಕಾಗುತ್ತದೆ. ಅಷ್ಟು ಕೆಸರು ಹಿಡಿಯಲು ತೊಟ್ಟಿ ದೊಡ್ಡದಾಗಬೇಕು. ಖರ್ಚೂ ಅಷ್ಟೇ ಏರುತ್ತದೆ.

ಚಳಿನಾಡಿನವರು ಇದಕ್ಕೆ ಅನೇಕ ಉಪಾಯಗಳನ್ನು ಹೂಡಿದರು. ನಾರ್ವೆಯವರು ೧೯೮೦ರ ದಶಕದ ಕೊನೆಯಲ್ಲಿ ಪ್ಲಾಸ್ಟಿಕ್ಕಿನ ಸಣ್ಣ ಸಣ್ಣ ಗಾಲಿಯಂಥ ತುಣುಕುಗಳನ್ನು ತೊಟ್ಟಿಯಲ್ಲಿ ತೇಲಬಿಟ್ಟರು. ಜೀವಿಗಳು ಅವುಗಳ ಮೈಗೆ ಪಾಚಿಯಂತೆ ಅಂಟಿಕೊಂಡು ಬೆಳೆಯುವುದರಿಂದ ನೀರಿನೊಡನೆ ಕೊಚ್ಚಿಹೋಗುವುದಿಲ್ಲ. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ೧೯೯೪ರಲ್ಲಿ ಆರಂಭವಾದ ವೀಕಿನ್‌ಮ್ಯಾಕಿ ಸ್ಥಾವರವನ್ನು ಬಂಡೆಯನ್ನು ಕೊರೆದು ನೆಲದೊಳಗೇ ಕಟ್ಟಿದ್ದಾರೆ. ಎಂಟು ಲಕ್ಷಕ್ಕೂ ಹೆಚ್ಚು ಜನರ ರೊಚ್ಚುನೀರು ಅಲ್ಲಿ ಶುದ್ಧವಾಗುತ್ತದೆ. ೨೦೦೪ರಲ್ಲಿ ಎರಡನೆಯ ಹಂತದ ಜೀವಿಗಳಿಗಾಗಿ ಬೇರೆ ಶೋಧಕಗಳನ್ನು ಸೇರಿಸಿ, ಅವುಗಳಿಗೆ ಮೆಥನಾಲನ್ನು ಆಹಾರವಾಗಿ ಕೊಟ್ಟರು. ಅಲ್ಲಿ ನೂರಕ್ಕೆ ಸುಮಾರು ತೊಂಬತ್ತು ಪಾಲು ಸಾರಜನಕ ಕಳೆಯುತ್ತದೆ. ಯೂರೋಪಿನ ಒಕ್ಕೂಟವು ೧೯೯೧ರ ನಿಬಂಧನೆಯಲ್ಲಿ, ಪೋಷಕಾಂಶ ಹೆಚ್ಚಾಗಿ ಕೆಡುವ ಜಲಾಶಯಗಳಿಗೆ ನೀರು ಬಿಡುವ ಊರುಗಳಿಗೆ ಮಿತಿ ಹಾಕಿತು. ಲಕ್ಷ ಜನಕ್ಕಿಂತ ದೊಡ್ಡ ಊರಾದರೆ ಲೀಟರಿಗೆ ೧೦ ಮಿಲಿಗ್ರಾಂ, ಸಣ್ಣ ಊರಾದರೆ ೧೫ ಮಿಲಿಗ್ರಾಂ ಸಾರಜನಕ. ದಿನದಿನದ ಪರೀಕ್ಷೆಯ ವಿಷಯದಲ್ಲಿ ಮಾತ್ರ, ತೊಟ್ಟಿಯ ನೀರು ೧೨ ಡಿಗ್ರಿಗಿಂತ ತಣ್ಣಗಿರುವ ದಿನಗಳಿಗೆ ಆ ನಿಬಂಧನೆಯಲ್ಲಿ ವಿನಾಯಿತಿ ಉಂಟು. ಆ ಹನ್ನೆರಡು ಡಿಗ್ರಿಯ ವಿನಾಯಿತಿಯನ್ನು ಕೇಳುವ ಪ್ರಸಂಗವೇ ನಮಗೆ ಬಾರದು.

ಏಕೆಂದರೆ ನೀರು ಉಷ್ಣವನ್ನು ಹಿಡಿದಿಟ್ಟುಕೊಳ್ಳುವ ವಸ್ತು. ಒಂದು ಗ್ರಾಂ ನೀರಿನ ಉಷ್ಣತೆ ಒಂದು ಡಿಗ್ರಿ ಇಳಿಯಬೇಕಾದರೆ ಅದು ಒಂದು ಕ್ಯಾಲರಿ ಉಷ್ಣವನ್ನು ಕಳೆದುಕೊಳ್ಳಬೇಕು. ನಾಗಮಂಗಲದ ಸೀಮೆಯಲ್ಲಿ ಮಾರ್ಗಶಿರ ಪುಷ್ಯಗಳ ಮುಂಜಾನೆ ಹಲ್ಲು ಕಟಕಟಿಸಿದರೂ ನೆಲದಡಿಯ ಕೊಳವೆಯಲ್ಲಿ ಹರಿಯುವ ನೀರು ತಣ್ಣಗಾಗುವ ಮೊದಲೇ ಬಿಸಿಲೇರುತ್ತದೆ. ನಮ್ಮ ಊರುಗಳ ರೊಚ್ಚುನೀರು ವರ್ಷದ ಬಹುಕಾಲ ಇಪ್ಪತ್ತೈದು ಡಿಗ್ರಿಯ ಆಸುಪಾಸಿನಲ್ಲಿಯೇ ಇರುತ್ತದೆ.

ನ್ಯಾಯವಾಗಿ ಹೇಳಬೇಕಾದರೆ ಬಿಸಿಗೂ ತನ್ನದೇ ಆದ ದೋಷಗಳಿವೆ. ತಣ್ಣೀರಿನಲ್ಲಿ ಅನಿಲಗಳು ಹೆಚ್ಚು ಕರಗುತ್ತವೆ. ಹತ್ತು ಡಿಗ್ರಿಯ ನೀರು ಲೀಟರಿಗೆ ೧೧.೩ ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದರೆ, ಮೂವತ್ತು ಡಿಗ್ರಿಯದು ೭.೬ ಮಿಲಿಗ್ರಾಮನ್ನಷ್ಟೇ ಹಿಡಿಯಬಲ್ಲದು. ಆದುದರಿಂದ ನಮ್ಮಲ್ಲಿ ಗಾಳಿಯೂದುವ ಯಂತ್ರಗಳು ಹೆಚ್ಚು ದುಡಿಯಬೇಕು. ಅಮೋನಿಯವು ಮೀನಿಗೆ ವಿಷವಾಗುವುದೂ ಬೆಚ್ಚಗಿನ ನೀರಿನಲ್ಲಿಯೇ ಹೆಚ್ಚು. ಈ ಎರಡು ಸಂಗತಿಗಳನ್ನು ಲೆಕ್ಕಕ್ಕೆ ತಂದುಕೊಂಡರೂ ತಕ್ಕಡಿ ನಮ್ಮ ಕಡೆಗೇ ವಾಲುತ್ತದೆ. ಎರಡನೆಯ ಸಂಗತಿಯಂತೂ ಕೆಲಸವನ್ನು ಬೇಗ ಮಾಡಬೇಕೆಂಬುದಕ್ಕೆ ಇನ್ನೊಂದು ಕಾರಣವೇ ಸರಿ.

ಹಾಗಾದರೆ ನಮ್ಮಲ್ಲಿ ಏನಾಯಿತು? ಕೇಂದ್ರದ ಪರಿಸರ ಮಂತ್ರಾಲಯವು ೨೦೧೫ರಲ್ಲಿ ಹೊರಡಿಸಿದ ಕರಡು ನಿಯಮದಲ್ಲಿ ಶುದ್ಧಿಮಾಡಿದ ರೊಚ್ಚುನೀರಿನ ಒಟ್ಟು ಸಾರಜನಕ ಲೀಟರಿಗೆ ೧೦ ಮಿಲಿಗ್ರಾಂ ಮೀರಬಾರದೆಂದು ಇತ್ತು. ೨೦೧೭ರ ಅಕ್ಟೋಬರಿನಲ್ಲಿ ಅಧಿಸೂಚನೆ ಬಂದಾಗ ಅದರಲ್ಲಿ ಸಾರಜನಕದ ಹೆಸರೇ ಇರಲಿಲ್ಲ. ೨೦೧೯ರ ಏಪ್ರಿಲಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ೧೦ ಮಿಲಿಗ್ರಾಮಿನ ಮಿತಿಯನ್ನು ಮತ್ತೆ ಎತ್ತಿ ಹಿಡಿಯಿತು. ಹೆಲ್ಸಿಂಕಿಯ ಚಳಿಯಲ್ಲಿ ಸಾಧ್ಯವಾದುದನ್ನು ಬೆಂಗಳೂರಿನ ಬೆಚ್ಚನೆಯ ಹವೆಯಲ್ಲಿ ನಿಯಮದ ಪುಸ್ತಕದೊಳಗೆ ಸೇರಿಸಲೂ ನಾವು ಹಿಂದೆಗೆದೆವು.

ಈ ಹತ್ತು ಮಿಲಿಗ್ರಾಂ ಎಂಬುದು ಎಲ್ಲಿಂದಲೋ ತಂದಿಟ್ಟ ಅಂಕಿಯಂತೆ ಕಾಣಬಹುದು. ವಿದ್ಯಾರ್ಥಿಗಳು ಒಂದು ಸಣ್ಣ ಲೆಕ್ಕ ಮಾಡಿ ನೋಡಲಿ. ನಮ್ಮ ದೇಶದ ಪ್ರಮಾಣದಂತೆ ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ ೪೫ ಮಿಲಿಗ್ರಾಂ ಮೀರಬಾರದು. ನೈಟ್ರೇಟಿನ ಅಯಾನು ತೂಕ ೬೨. ಅದರಲ್ಲಿ ಸಾರಜನಕದ ಪಾಲು ೧೪. ನಲವತ್ತೈದನ್ನು ಹದಿನಾಲ್ಕರಿಂದ ಗುಣಿಸಿ ಅರವತ್ತೆರಡರಿಂದ ಭಾಗಿಸಿದರೆ ಬರುವುದು ಸುಮಾರು ೧೦.೨. ಅಂದರೆ ಎರಡು ಮಿತಿಗಳೂ ಒಂದೇ ಅಳತೆಯವು. ಊರಿನಿಂದ ಬಿಟ್ಟ ನೀರು ಭೂಮಿಯಲ್ಲಿ ಇಂಗಿ, ಅದರ ಸಾರಜನಕವೆಲ್ಲ ನೈಟ್ರೇಟಾಗಿ ಬಾವಿಗೆ ಬಂದರೂ, ಆ ಒಂದು ವಿಷಯದಲ್ಲಿ ಅದು ಕುಡಿಯಲು ಅಪಾಯವಾಗದು. ಹಸುಗೂಸುಗಳಿಗೆ ನೈಟ್ರೇಟ್ ಹೆಚ್ಚಿರುವ ಬಾವಿಯ ನೀರಿನಲ್ಲಿ ಹಾಲು ಕಲಸಿ ಕುಡಿಸಿದರೆ ರಕ್ತವು ಆಮ್ಲಜನಕವನ್ನು ಹೊರುವ ಶಕ್ತಿಯನ್ನು ಕಳೆದುಕೊಂಡು ಮೈ ನೀಲಿಯಾಗುತ್ತದೆ ಎಂದು ಅಮೆರಿಕದ ಕಾಮ್ಲಿ ಎಂಬ ವೈದ್ಯರು ೧೯೪೫ರಲ್ಲಿಯೇ ತೋರಿಸಿದ್ದರು. ನೀರನ್ನು ಕಾಯಿಸಿದರೆ ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಗಾಢವಾಗುತ್ತದೆ.

೨೦೧೮ರ ಜೂನಿನಲ್ಲಿ ಆರಂಭವಾದ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಯೋಜನೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಬೆಂಗಳೂರಿನ ರೊಚ್ಚುನೀರನ್ನು ಎರಡನೆಯ ಹಂತದವರೆಗೆ ಶುದ್ಧಿಮಾಡಿ, ದಿನಕ್ಕೆ ೪೪ ಕೋಟಿ ಲೀಟರಿನವರೆಗೆ ಕೋಲಾರದ ಕಡೆಯ ನೂರಕ್ಕೂ ಹೆಚ್ಚು ಕೆರೆಗಳಿಗೆ ತುಂಬಿಸುವುದು ಅದರ ಉದ್ದೇಶ. ಬತ್ತಿಹೋಗಿದ್ದ ಕೊಳವೆಬಾವಿಗಳಲ್ಲಿ ನೀರು ಕಂಡಿತೆಂಬುದು ಸಣ್ಣ ಮಾತಲ್ಲ. ಬರಗಾಲದಿಂದ ಬೆಂದ ಜಿಲ್ಲೆಗೆ ನೀರು ಕೊಟ್ಟವರನ್ನು ನಾವು ಹಳಿಯಲಾರೆವು. ಆದರೆ ಈ ನೀರು ನದಿಗೆ ಹರಿದು ಸಮುದ್ರಕ್ಕೆ ಹೋಗುವಂಥದಲ್ಲ. ಅಂತರ್ಜಲಕ್ಕೆ ಇಂಗಲೆಂದೇ ಬಿಟ್ಟದ್ದು. ಅಂತಹ ನೀರಿನಲ್ಲಿ ಸಾರಜನಕ ಎಷ್ಟಿದೆ ಎಂಬುದು ಮೊದಲು ಕೇಳಬೇಕಾದ ಪ್ರಶ್ನೆಯಾಗಿತ್ತು. ಲೀಟರಿಗೆ ೨೦ ಮಿಲಿಗ್ರಾಂ ಎಂದು ಊಹಿಸಿಕೊಂಡರೂ ೪೪ ಕೋಟಿ ಲೀಟರಿನಲ್ಲಿ ೮,೮೦೦ ಕಿಲೋಗ್ರಾಂ ಸಾರಜನಕ ಇರುತ್ತದೆ. ಯೂರಿಯದಲ್ಲಿ ನೂರಕ್ಕೆ ೪೬ ಪಾಲು ಸಾರಜನಕ. ಚೀಲಕ್ಕೆ ೪೫ ಕಿಲೋಗ್ರಾಂ. ಅಂದರೆ ಪ್ರತಿದಿನವೂ ನಾನೂರಕ್ಕಿಂತ ಹೆಚ್ಚು ಚೀಲ ಯೂರಿಯವನ್ನು ಕೆರೆಗಳಿಗೆ ಸುರಿದಂತೆ.

ಈ ಲೆಕ್ಕವನ್ನು ನೋಡಿದೊಡನೆ ಜಾಣ ವಿದ್ಯಾರ್ಥಿಯೊಬ್ಬನು ಎದ್ದು ನಿಂತು ಕೇಳಬಹುದು: ‘ಇಷ್ಟು ಬೆಲೆಬಾಳುವ ಗೊಬ್ಬರವನ್ನು ಗಾಳಿಗೆ ತೂರುವುದೇ? ಅತ್ತ ಕಾರ್ಖಾನೆಯಲ್ಲಿ ಅಪಾರ ಶಕ್ತಿ ಖರ್ಚುಮಾಡಿ ಗಾಳಿಯ ಸಾರಜನಕದಿಂದ ಯೂರಿಯ ಮಾಡುವುದು, ಇತ್ತ ಮತ್ತೆ ಶಕ್ತಿ ಖರ್ಚುಮಾಡಿ ಅದನ್ನು ಗಾಳಿಗೇ ಕಳುಹಿಸುವುದು, ಇದೆಂತಹ ವಿವೇಕ?’ ಈ ಆಕ್ಷೇಪಣೆಗೆ ತೂಕವಿದೆ. ಫೌಲರರ ಮನಸ್ಸೂ ಇದೇ ಕಡೆಗೆ ಇತ್ತು. ನಮ್ಮ ಉತ್ತರ ಇಷ್ಟೇ. 

ಬೆಳೆಯು ಹೀರಬಲ್ಲಷ್ಟು ಸಾರಜನಕ ಬೆಳೆಗೇ ಹೋಗಲಿ. ಗದ್ದೆಗೆ ನೇರವಾಗಿ, ಪೈರಿಗೆ ಬೇಕಾದ ಕಾಲದಲ್ಲಿ, ಅಳತೆಗೆ ತಕ್ಕಂತೆ ಬಿಡುವ ನೀರಿನಿಂದ ಸಾರಜನಕವನ್ನು ತೆಗೆಯಬೇಕಾಗಿಲ್ಲ. ರೋಗಾಣುಗಳನ್ನು ತೆಗೆದರೆ ಸಾಕು. ಆದರೆ ಕೆರೆಯೆಂಬುದು ಗದ್ದೆಯಲ್ಲ. ಅಲ್ಲಿ ಸಾರಜನಕವನ್ನು ಹೀರುವುದು ರಾಗಿಯಲ್ಲ, ಅಂತರಗಂಗೆ ಮತ್ತು ಪಾಚಿ. ಊರಿನ ರೊಚ್ಚುನೀರು ದಿನವೂ ಬರುತ್ತದೆ. ಬೆಳೆಯ ಹಸಿವು ವರ್ಷದಲ್ಲಿ ಕೆಲವು ವಾರಗಳದು. ಆದುದರಿಂದ ಬೆಳೆಗೆ ಹೋಗಲಾರದುದು ಗಾಳಿಗೆ ಹೋಗತಕ್ಕದ್ದು. ಕೆರೆಗೂ ಬಾವಿಗೂ ಅಲ್ಲ.

ಇನ್ನೊಂದು ಆಕ್ಷೇಪಣೆ ಖರ್ಚಿನದು. ಒಂದು ಗ್ರಾಂ ಅಮೋನಿಯ-ಸಾರಜನಕವನ್ನು ನೈಟ್ರೇಟ್ ಮಾಡಲು ಸುಮಾರು ೪.೬ ಗ್ರಾಂ ಆಮ್ಲಜನಕ ಬೇಕು. ಗಾಳಿಯೂದಲು ವಿದ್ಯುತ್ತು ಬೇಕು. ವಿದ್ಯುತ್ತಿಗೆ ಹಣ ಬೇಕು. ಆದರೆ ಎರಡನೆಯ ಅರ್ಧವನ್ನೂ ಮಾಡಿದರೆ ಆ ಖರ್ಚಿನಲ್ಲಿ ದೊಡ್ಡ ಪಾಲು ಹಿಂದಿರುಗುತ್ತದೆ. ನೈಟ್ರೇಟನ್ನು ಉಸಿರಾಡುವ ಜೀವಿಗಳು ರೊಚ್ಚುನೀರಿನ ಕೊಳೆಯನ್ನು ತಿನ್ನುವುದರಿಂದ ಆ ಕೊಳೆಗೆಂದು ಊದಬೇಕಾಗಿದ್ದ ಆಮ್ಲಜನಕದಲ್ಲಿ ಪ್ರತಿ ಗ್ರಾಂ ಸಾರಜನಕಕ್ಕೆ ಸುಮಾರು ೨.೯ ಗ್ರಾಂ ಉಳಿಯುತ್ತದೆ. ಅಮೆರಿಕದಲ್ಲಿ ೧೯೬೨ರಲ್ಲಿ ಲಡ್‌ಜ್ಯಾಕ್ ಮತ್ತು ಎಟ್ಟಿಂಗರ್, ದಕ್ಷಿಣ ಆಫ್ರಿಕದಲ್ಲಿ ೧೯೭೦ರ ದಶಕದಲ್ಲಿ ಬಾರ್ನರ್ಡ್ ಇದರ ಕ್ರಮವನ್ನು ರೂಪಿಸಿದರು. ಹೊಸ ರೊಚ್ಚುನೀರು ಬಂದು ಬೀಳುವ ಮೊದಲ ತೊಟ್ಟಿಗೆ ಗಾಳಿ ಕೊಡದಿರುವುದು. ಕೊನೆಯ ತೊಟ್ಟಿಯ ನೈಟ್ರೇಟ್ ನೀರನ್ನು ಮೊದಲ ತೊಟ್ಟಿಗೆ ತಿರುಗಿಸುವುದು. ಆಹಾರವೂ ಅಲ್ಲಿಯೇ ಇದೆ, ಗಾಳಿಯೂ ಇಲ್ಲ. ಎರಡು ಷರತ್ತುಗಳೂ ಕೂಡಿಬಂದವು. ಎಚ್ಚರದಿಂದ ನಡೆಸದಿದ್ದರೆ ನೈಟ್ರಸ್ ಆಕ್ಸೈಡ್ ಎಂಬ, ಭೂಮಿಯ ಉಷ್ಣವನ್ನು ಹೆಚ್ಚಿಸುವ ಅನಿಲವೂ ಹುಟ್ಟೀತು. ಆದುದರಿಂದ ಯಂತ್ರದ ಜೊತೆಗೆ ಬಲ್ಲ ಮನುಷ್ಯನೂ ಇರಬೇಕು. ಗಾಳಿಯೂದುವ ಯಂತ್ರವೊಂದನ್ನೇ ಕೊಂಡು, ನೀರು ಹಿಂದಕ್ಕೆ ತಿರುಗುವ ಕೊಳವೆಯನ್ನು ಹಾಕದೆ ಬಿಡುವ ಉಳಿತಾಯವು ಉಳಿತಾಯವಲ್ಲ.

ಇದೆಲ್ಲ ಬೆಂಗಳೂರಿನ ಮಾತಾಯಿತು. ಹೊಣಕೆರೆಯಂತಹ ಊರಿಗೆ ಇದರಿಂದೇನು? ಹೆಸರಿನಲ್ಲಿಯೇ ಕೆರೆಯಿರುವ ನಮ್ಮ ಹಳ್ಳಿಗಳಲ್ಲಿ ಒಳಚರಂಡಿಯಿಲ್ಲ, ಸ್ಥಾವರವೂ ಇಲ್ಲ. ಮನೆಮನೆಗೆ ಶೌಚಾಲಯದ ಗುಂಡಿಗಳು ಬಂದಿವೆ, ಬಂದದ್ದು ಒಳ್ಳೆಯದೇ. ಬಯಲಿಗೆ ಹೋಗುವ ಅವಮಾನವೂ ರೋಗವೂ ತಪ್ಪಿದುವು. ಆದರೆ ಗುಂಡಿಯ ಸಾರಜನಕ ಎಲ್ಲಿಗೆ ಹೋಗುತ್ತದೆ? ಇಲ್ಲಿಯೇ ನಮ್ಮ ಬೆಚ್ಚನೆಯ ಮಣ್ಣು ಎರಡಲಗಿನ ಕತ್ತಿಯಾಗುತ್ತದೆ. ಪೆಟ್ಲುಪ್ಪನ್ನು ಮಾಡಿದ ಆ ಬ್ಯಾಕ್ಟೀರಿಯಗಳೇ ಗುಂಡಿಯ ಸುತ್ತಲಿನ ಮಣ್ಣಿನಲ್ಲಿ ಅಮೋನಿಯವನ್ನು ಬೇಗಬೇಗನೆ ನೈಟ್ರೇಟ್ ಮಾಡುತ್ತವೆ. ಅಮೋನಿಯವನ್ನು ಜೇಡಿಮಣ್ಣು ಹಿಡಿದಿಟ್ಟುಕೊಳ್ಳುತ್ತದೆ, ನೈಟ್ರೇಟನ್ನು ಹಿಡಿಯಲಾರದು. ಕೆಳಗಿನ ಮಣ್ಣಿನಲ್ಲಿ ಇಂಗಾಲದ ಆಹಾರ ಕಡಮೆಯಾದುದರಿಂದ ಎರಡನೆಯ ಹಂತದ ಜೀವಿಗಳು ಕೆಲಸ ಮಾಡಲಾರವು. ಅರ್ಧವಾದ ಕೆಲಸವು ನೇರವಾಗಿ ಕೊಳವೆಬಾವಿಗೆ ಇಳಿಯುತ್ತದೆ.

ಐದು ಜನರ ಸಂಸಾರವೊಂದನ್ನು ತೆಗೆದುಕೊಳ್ಳೋಣ. ದಿನಕ್ಕೆ ೫೦ ಗ್ರಾಮಿನಂತೆ ವರ್ಷಕ್ಕೆ ಸುಮಾರು ೧೮ ಕಿಲೋಗ್ರಾಂ ಸಾರಜನಕ. ಇದೆಲ್ಲವೂ ಕೆಳಗಿಳಿದರೆ, ಲೀಟರಿಗೆ ೧೦ ಮಿಲಿಗ್ರಾಮಿನ ಮಿತಿಯೊಳಗೆ ಅದನ್ನು ತೆಳುವಾಗಿಸಲು ೧೮ ಲಕ್ಷ ಲೀಟರ್ ನೀರು ಬೇಕು. ವರ್ಷಕ್ಕೆ ೭೦೦ ಮಿಲಿಮೀಟರ್ ಮಳೆ ಬಿದ್ದು ಅದರಲ್ಲಿ ಹತ್ತನೆಯ ಒಂದು ಪಾಲು ನೆಲಕ್ಕೆ ಇಂಗುತ್ತದೆಂದು ಹಿಡಿದರೆ, ಇಷ್ಟು ನೀರು ಇಂಗಲು ಆರು ಎಕರೆಗೂ ಹೆಚ್ಚು ಭೂಮಿ ಬೇಕು. ಒಂದು ಮನೆಗೆ ಆರು ಎಕರೆ! ನಮ್ಮ ಹಳ್ಳಿಗಳಲ್ಲಿ ಒಂದು ಎಕರೆಯಲ್ಲಿ ಎಷ್ಟು ಮನೆಗಳು ಮೈಗೆ ಮೈ ತಾಗಿಸಿ ನಿಂತಿವೆ ಎಂಬುದನ್ನು ಎಣಿಸಿ ನೋಡಬಹುದು. ಸಾರಜನಕವೆಲ್ಲವೂ ಕೆಳಗಿಳಿಯುವುದಿಲ್ಲ, ಗುಂಡಿಯ ಹೂಳಿನಲ್ಲಿ ಒಂದಷ್ಟು ಉಳಿಯುತ್ತದೆ, ಒಂದಷ್ಟು ಗಾಳಿಗೂ ಹೋಗುತ್ತದೆ. ಅರ್ಧಕ್ಕೆ ಅರ್ಧ ಕಳೆದರೂ ಲೆಕ್ಕದ ಪಾಠ ಬದಲಾಗದು. ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಅಧ್ಯಯನ ನಡೆಸಿ, ಗುಂಡಿ ಶೌಚಾಲಯಗಳಿಂದ ನೈಟ್ರೇಟ್ ಅಂತರ್ಜಲಕ್ಕೆ ಸೇರಿರುವುದನ್ನು ತೋರಿಸಿದ್ದಾರೆ. ಕೇಂದ್ರ ಅಂತರ್ಜಲ ಮಂಡಳಿಯ ೨೦೨೪ರ ವರದಿಯಂತೆ ಕರ್ನಾಟಕದಲ್ಲಿ ಪರೀಕ್ಷಿಸಿದ ಮಾದರಿಗಳಲ್ಲಿ ನೂರಕ್ಕೆ ೪೮ರಷ್ಟು ೪೫ ಮಿಲಿಗ್ರಾಮಿನ ಮಿತಿಯನ್ನು ಮೀರಿದ್ದವು. ಇದರಲ್ಲಿ ಹೊಲಕ್ಕೆ ಹಾಕಿದ ಗೊಬ್ಬರದ ಪಾಲೂ ದೊಡ್ಡದೇ. ಬಾವಿಯಾದರೋ ಇದು ಯಾರ ಪಾಲು ಎಂದು ಕೇಳುವುದಿಲ್ಲ.

ಹಳ್ಳಿಗೆ ಹೆಲ್ಸಿಂಕಿಯ ಸ್ಥಾವರ ಬೇಕಾಗಿಲ್ಲ. ಗುಂಡಿಯನ್ನು ಕುಡಿಯುವ ನೀರಿನ ಬಾವಿಯಿಂದ ದೂರ, ನೀರಿನ ಹರಿವಿನ ಕೆಳಗಡೆ ತೋಡುವುದು ಮೊದಲನೆಯದು. ಜೋಡಿಗುಂಡಿಗಳಲ್ಲಿ ಒಂದು ತುಂಬಿದ ಮೇಲೆ ಸಾಕಷ್ಟು ಕಾಲ ಮುಚ್ಚಿಟ್ಟು ಕಳಿತ ಗೊಬ್ಬರವನ್ನು ಹೊಲಕ್ಕೆ ಹಾಕುವುದು ಎರಡನೆಯದು. ಇದು ಬೆಳೆಯ ಹಾದಿ. ಮೂರನೆಯದು ಗಾಳಿಯ ಹಾದಿ. ಕೆನಡದಲ್ಲಿ ೧೯೯೦ರ ದಶಕದಿಂದ, ಗುಂಡಿಯ ನೀರು ಇಳಿಯುವ ಜಾಗದಲ್ಲಿ ಮರದ ಹೊಟ್ಟನ್ನು ಬೆರೆಸಿದ ಪದರವನ್ನು ಹೂಡಿ ಎರಡನೆಯ ಹಂತದ ಜೀವಿಗಳಿಗೆ ಆಹಾರ ಒದಗಿಸಿದ್ದಾರೆ. ಚಳಿಯ ದೇಶದಲ್ಲಿಯೂ ಅದು ಫಲ ಕೊಟ್ಟಿದೆ. ನಮ್ಮ ಕಡೆ ಮರದ ಹೊಟ್ಟು ದುಬಾರಿಯಾದರೆ ತೆಂಗಿನ ನಾರಿನ ಪುಡಿಯುಂಟು. ಅದು ಎಷ್ಟರಮಟ್ಟಿಗೆ ಹೊಂದುತ್ತದೆ, ಎಷ್ಟು ವರ್ಷ ಬಾಳುತ್ತದೆ ಎಂಬುದನ್ನು ನಮ್ಮ ಕಾಲೇಜುಗಳ ಪ್ರಯೋಗಶಾಲೆಗಳೇ ಪರೀಕ್ಷಿಸಿ ನೋಡತಕ್ಕದ್ದು. ನಾಲ್ಕು ಕೊಳವೆ, ಒಂದಷ್ಟು ಮರಳು, ಒಂದಷ್ಟು ನಾರಿನ ಪುಡಿ, ತಾಳ್ಮೆ, ಇಷ್ಟು ಸಾಕು. ಶ್ಲೋಸಿಂಗ್ ಮತ್ತು ಮ್ಯೂಂಟ್ಸರ ಬಳಿ ಇದಕ್ಕಿಂತ ಹೆಚ್ಚೇನೂ ಇರಲಿಲ್ಲ.

ವಿದ್ಯಾರ್ಥಿಗಳಲ್ಲಿ ನಮ್ಮ ಬಿನ್ನಹ ಇದು. ನಿಮ್ಮ ಊರಿನ ಬಾವಿಯ ನೀರಿನಲ್ಲಿ ನೈಟ್ರೇಟ್ ಎಷ್ಟಿದೆ ಎಂದು ಮಳೆಗಾಲದ ಮೊದಲೊಮ್ಮೆ, ಅನಂತರವೊಮ್ಮೆ ಅಳೆದು ಬರೆದಿಡಿ. ಅದಕ್ಕೆ ಬೇಕಾದ ಬಣ್ಣದ ಪಟ್ಟಿಗಳು ಅಂಗಡಿಯಲ್ಲಿ ಸಿಕ್ಕುತ್ತವೆ. ಶುದ್ಧೀಕರಣ ಸ್ಥಾವರವಿರುವ ಊರಿನವರಾದರೆ, ಅಲ್ಲಿಂದ ಹೊರಬೀಳುವ ನೀರಿನ ಅಮೋನಿಯ, ನೈಟ್ರೇಟ್, ಒಟ್ಟು ಸಾರಜನಕ ಮತ್ತು ಉಷ್ಣತೆ, ಈ ನಾಲ್ಕು ಅಂಕಿಗಳನ್ನು ಬಾಗಿಲಿನ ಹಲಗೆಯ ಮೇಲೆ ಬರೆದು ಹಾಕಬೇಕೆಂದು ನಗರಸಭೆಯನ್ನು ಕೇಳಿ. ಅಮೋನಿಯ ಹೆಚ್ಚಿದ್ದರೆ ಮೊದಲನೆಯ ಅರ್ಧ ಆಗಿಲ್ಲ. ನೈಟ್ರೇಟ್ ಹೆಚ್ಚಿದ್ದರೆ ಎರಡನೆಯ ಅರ್ಧ ಆಗಿಲ್ಲ. ಹೈಸ್ಕೂಲಿನ ಹುಡುಗನೂ ಓದಬಹುದಾದ ಲೆಕ್ಕವಿದು.

ನಾಗಮಂಗಲದ ಕಡೆಯಿಂದ ಹರಿದುಬರುವ ಲೋಕಪಾವನಿಯು ಕರಿಘಟ್ಟದ ಬುಡದಲ್ಲಿ ಕಾವೇರಿಯನ್ನು ಕೂಡುತ್ತದೆ. ಆ ಕಾವೇರಿಯ ನೀರನ್ನು ಮುಂದೆ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ಏರಿಸುತ್ತಾರೆ. ಬೆಂಗಳೂರು ಬಳಸಿದ ನೀರಿನಲ್ಲಿ ಒಂದು ಪಾಲು ಕೋಲಾರದ ಕೆರೆಗೆ, ಒಂದು ಪಾಲು ವೃಷಭಾವತಿ ಅರ್ಕಾವತಿಗಳ ಮೂಲಕ ಮತ್ತೆ ಕಾವೇರಿಗೆ ಹೋಗುತ್ತದೆ. ಒಬ್ಬರ ಚರಂಡಿ ಇನ್ನೊಬ್ಬರ ಬಾವಿಯ ತಲೆಯ ಮೇಲೆ ಇದೆ. ಹೀಗಿರುವಾಗ ಮೇಲಿನವನು ತನ್ನ ಪಾಲಿನ ಕೆಲಸವನ್ನು ಪೂರ್ತಿ ಮುಗಿಸಿ ನೀರನ್ನು ಕೆಳಕ್ಕೆ ಬಿಡುವುದು ಉಪಕಾರವಲ್ಲ, ಕರ್ತವ್ಯ. ಚಳಿಯಲ್ಲಿ ನಡುಗುತ್ತಿರುವ ಜೀವಿಗಳಿಂದ ಬೇರೆ ದೇಶದವರು ಆ ಕೆಲಸವನ್ನು ಮಾಡಿಸಿಕೊಂಡಿದ್ದಾರೆ. ನಮ್ಮ ಜೀವಿಗಳು ವರ್ಷದ ಮುನ್ನೂರ ಅರವತ್ತೈದು ದಿನವೂ ಸಿದ್ಧವಾಗಿವೆ. ಅವಕ್ಕೆ ಕೆಲಸ ಕೊಡುವವರು ನಾವಾಗಬೇಕು.